ಉಚ್ಚೆಂಗೆಮ್ಮನ ಹೊಳೆ, ಗಂಗೋತ್ರಿಯ ದೋಣಿ

ಹೋದ ತಿಂಗಳು ಒಂದು ಪತ್ರಿಕೆಯಲ್ಲಿ ಉಚ್ಚೆಂಗೆಮ್ಮನ ಫೋಟೋ ಬಂತು. ಮೇಲೆ ದಪ್ಪ ಅಕ್ಷರಗಳಲ್ಲಿ ‘ಮೊಸಳೆ ಮಣಿಸಿದ ಮಹಿಳೆ’ ಎಂದು ಹಾಕಿದ್ದರು. ಓದಿ ನನಗೆ ಮೈ ಉರಿದುಹೋಯಿತು. ಆಕೆ ಯಾವ ಮೊಸಳೆಯನ್ನೂ ಮಣಿಸಿಲ್ಲ. ಮೊಸಳೆ ನಡುಗಡ್ಡೆಯ ಬಂಡೆಯ ಮೇಲೆ ಬಾಯಿ ತೆರೆದುಕೊಂಡು, ಬಿಸಿಲಿಗೆ ಮೈ ಕಾಯಿಸಿಕೊಳ್ಳುತ್ತ ಆರಾಮಾಗಿದೆ. ಬರೆದ ಹುಡುಗ ದಂಡೆಯ ಮೇಲೆ ಸ್ವಲ್ಪ ಹೊತ್ತು ನಿಂತ, ನನ್ನ ಖರ್ಚಿನಲ್ಲೇ ಒಂದು ಚಹಾ ಕುಡಿದ, ಬಳ್ಳಾರಿ ಬಸ್ಸು ಹತ್ತಿದ. ಇಂಥವರು ಬರೆದದ್ದನ್ನು ಜನ ನಂಬುತ್ತಾರೆ. ಅದಕ್ಕೇ ನಾನು ಕಂಡದ್ದನ್ನು ಕಂಡ ಹಾಗೆ ಬರೆಯಲು ಕೂತಿದ್ದೇನೆ.

ನನ್ನ ಹೆಸರು ಮರಿಬಸಪ್ಪ. ಸಿರುಗುಪ್ಪದಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದೇನೆ. ನಮ್ಮಪ್ಪ ಪುಣ್ಯಾತ್ಮ, ಗದ್ದೆ ಕೊಂಡದ್ದು ಮಾತ್ರ ತುಂಗಭದ್ರೆಯ ಆಚೆ ದಂಡೆಯಲ್ಲಿ. ಸೇತುವೆ ಹಿಡಿದು ಹೋದರೆ ಅರ್ಧ ತಾಲೂಕು ಸುತ್ತಬೇಕು. ಹರಿಗೋಲಿನಲ್ಲಿ ಕೂತರೆ ಒಂದು ಬೀಡಿ ಮುಗಿಯುವುದರೊಳಗೆ ಆಚೆ ಇರುತ್ತೇನೆ. ಹೀಗಾಗಿ ವಾರಕ್ಕೆ ನಾಲ್ಕು ಸಲವಾದರೂ ಉಚ್ಚೆಂಗೆಮ್ಮನ ಹರಿಗೋಲು ಹತ್ತುತ್ತೇನೆ, ನಾಲ್ಕು ಸಲವೂ ಬೈಸಿಕೊಳ್ಳುತ್ತೇನೆ.

“ಅಣ್ಣಾರ, ನೀವು ಅಂಚಿಗೆ ಕುಂದರಬ್ಯಾಡ್ರಿ, ನಡುವ ಕುಂದರ್ರಿ. ಹೋದ ವರ್ಷಕ್ಕಿಂತ ಜಾಸ್ತಿ ಆಗೀರಿ” ಎಂದು ಆಕೆ ಕೂಗಿದರೆ ಹರಿಗೋಲಿನಲ್ಲಿದ್ದವರೆಲ್ಲ ನಗುತ್ತಾರೆ. ಆಕೆಗೆ ಮೆಲ್ಲಗೆ ಮಾತಾಡಲು ಬರುವುದಿಲ್ಲ. ಈಚೆ ದಂಡೆಯಲ್ಲಿ ನಿಂತು “ಯಾರರ ಬರ್ತೀರೇನ್ರೀ?” ಎಂದರೆ ಆಚೆ ದಂಡೆಯ ಎಮ್ಮೆಗಳು ತಲೆ ಎತ್ತಿ ನೋಡುತ್ತವೆ. ನನಗೆ ಸಿಟ್ಟು ಬೇಗ ಬರುತ್ತದೆ, ಊರಿಗೆಲ್ಲ ಗೊತ್ತು. ಆದರೆ ಆಕೆಯ ಮೇಲೆ ಬಂದ ಸಿಟ್ಟು ನೀರು ದಾಟುವತನಕವೂ ನಿಲ್ಲುವುದಿಲ್ಲ.

ಆಕೆ ಹುಟ್ಟಾ ಹೊಳೆಯವಳಲ್ಲ. ತವರು ಕುರುಗೋಡು ತಾಲೂಕಿನ ಬಾದನಹಟ್ಟಿ. ಅಲ್ಲಿ ಆಕೆ ಕಂಡ ನೀರೆಂದರೆ ಕಾಲುವೆಯದು, ಹೆಚ್ಚೆಂದರೆ ಮೊಣಕಾಲ ಮಟ. ಮದುವೆಯಾಗಿ ಬಂದ ದಿನ ಹೊಳೆ ಎರಡೂ ದಂಡೆ ತುಂಬಿ ಕೆಂಪಗೆ ಹರಿಯುತ್ತಿತ್ತು. ಅದನ್ನು ನೋಡಿದ ಮದುಮಗಳು “ನಾ ಒಲ್ಲೆ, ನನ್ನ ವಾಪಸ್ ಕಳಿಸ್ರಿ” ಎಂದು ಬಂದ ಟ್ರ್ಯಾಕ್ಟರಿನಲ್ಲೇ ಗಟ್ಟಿಯಾಗಿ ಕೂತುಬಿಟ್ಟಳಂತೆ. ಗಂಡ ಕೆಂಚಣ್ಣ ಹರಿಗೋಲು ನಡೆಸುವವನು, ತಾಳ್ಮೆಯ ಮನುಷ್ಯ. ದಿನಕ್ಕೊಂದು ಮೆಟ್ಟಿಲಿನಂತೆ ನೀರಿಗಿಳಿಸಿ, ಮುಂದಿನ ಬೇಸಿಗೆಯ ಹೊತ್ತಿಗೆ ಹೆಂಡತಿಗೆ ಈಜು ಕಲಿಸಿದ. ಕಲಿತ ಮೇಲೆ ಆಕೆಯನ್ನು ನೀರಿನಿಂದ ಮೇಲಕ್ಕೆ ಕರೆಯುವುದೇ ಕಷ್ಟವಾಯಿತು ಎಂದು ಅವನೇ ಹೇಳುತ್ತಾನೆ.

ಆಮೇಲೆ ಕೆಂಚಣ್ಣನ ಬಲಗೈ ಭುಜ ಮುರಿಯಿತು. ಹುಟ್ಟು ಹಾಕಲು ಆಗದೆ, ಸಿರುಗುಪ್ಪದ ಒಂದು ಅಕ್ಕಿ ಗಿರಣಿಯಲ್ಲಿ ಕಾವಲಿಗೆ ಸೇರಿದ. ಮರುದಿನವೇ ಉಚ್ಚೆಂಗೆಮ್ಮ ಸೀರೆ ಕಚ್ಚೆ ಹಾಕಿಕೊಂಡು ಹರಿಗೋಲಿಗೆ ಇಳಿದಳು. ಹೆಣ್ಣಿನ ಕೈಯ ಹರಿಗೋಲಿನಲ್ಲಿ ಕೂತು ಹೊಳೆ ದಾಟುವುದು ಹೇಗೆ ಎಂದು ಕೆಲವರು ದಂಡೆಯಲ್ಲೇ ನಿಂತರು. “ಹಂಗಾರ ಈಜಿ ಬರ್ರಿ, ನಿಮ್ಮ ಚೀಲ ನಾ ಒಯ್ತೀನಿ” ಎಂದಳು. ಒಬ್ಬೊಬ್ಬರೇ ಹತ್ತಿದರು. ನಾನೂ ಹತ್ತಿದೆ.

ನಮ್ಮ ಹೊಳೆಯಲ್ಲಿ ಮೊಸಳೆ ಮೊದಲಿನಿಂದಲೂ ಇವೆ. ಅವು ನಡುಗಡ್ಡೆಯ ಕಡೆ, ನಾವು ಸ್ನಾನಘಟ್ಟದ ಕಡೆ, ಹೀಗೆ ಒಂದು ಒಪ್ಪಂದ ಇದ್ದಂತೆ ನಡೆದುಕೊಂಡು ಬಂದಿತ್ತು. ಹೋದ ಬೇಸಿಗೆಯಲ್ಲಿ ಅದು ಮುರಿಯಿತು. ಬಟ್ಟೆ ಒಗೆಯುತ್ತಿದ್ದ ಎರ್ರಮ್ಮನ ಸೀರೆಯ ಸೆರಗನ್ನು ಮೊಸಳೆಯೊಂದು ಕಚ್ಚಿ ಎಳೆಯಿತು. ಎರ್ರಮ್ಮ ಸೀರೆಯನ್ನೇ ಬಿಚ್ಚಿ ಬಿಟ್ಟು, ಒಳಲಂಗದಲ್ಲೇ ಮೆಟ್ಟಿಲು ಹತ್ತಿ ಬದುಕಿಕೊಂಡಳು. ಮೊಸಳೆ ಆ ಹಸಿರು ಸೀರೆಯನ್ನು ಎಳೆದುಕೊಂಡು ಹೋದದ್ದನ್ನು ನಾನು ಕಣ್ಣಾರೆ ಕಂಡೆ. ಇಡೀ ದಿನ ನನಗೆ ಅನ್ನ ಸೇರಲಿಲ್ಲ.

ಅಧಿಕಾರಿಗಳು ಬಂದರು, ನೋಡಿದರು. ಘಟ್ಟಕ್ಕೆ ಕಬ್ಬಿಣದ ಬೇಲಿ ಹಾಕಿ ಸ್ನಾನ, ಬಟ್ಟೆ, ಹರಿಗೋಲು ಎಲ್ಲ ಬಂದ್ ಮಾಡುವುದು ಎಂದರು. ಅವರ ಮಾತಿನಲ್ಲಿ ತಪ್ಪೇನಿರಲಿಲ್ಲ, ಜೀವ ಹೋದರೆ ಯಾರು ಹೊಣೆ? ಆದರೆ ಅವತ್ತು ಸಂಜೆ ಉಚ್ಚೆಂಗೆಮ್ಮ ಹುಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತದ್ದನ್ನು ನೋಡಿ ನಾನು ಹೋಗಿ ಪಕ್ಕದಲ್ಲಿ ಕೂತೆ.

“ಅಣ್ಣಾರ, ಕೂಲಿ ಎಲ್ಲಿಯಾರ ಸಿಗ್ತೈತಿ, ಅದಕ್ಕ ಅಳಾಕಿ ಅಲ್ಲ ನಾನು” ಎಂದಳು. “ಈ ಹೊಳಿ ನನಗ ಯಾರೂ ಕೊಟ್ಟಿದ್ದಲ್ಲ. ಅಂಜಿ ಅಂಜಿ ಕಲಿತು ನನ್ನದು ಮಾಡ್ಕಂಡೀನಿ. ಇದನ್ನ ಬಿಟ್ರ ನಾ ಮತ್ತ ಟ್ರ್ಯಾಕ್ಟರಿನಾಗ ಕುಂತ ಆ ಅಂಜುಬುರುಕಿನ ಆಗ್ತೀನಿ.”

ಅಂಥ ಹೊತ್ತಿಗೆ ಗಂಗೋತ್ರಿ ಬಂದಳು. ಕುರುಗೋಡಿನ ಹುಡುಗಿ, ಬಳ್ಳಾರಿಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ದೂರದ ದೇಶಗಳ ಕಡಲತೀರಗಳಲ್ಲಿ ಈಜುವವರ ಹತ್ತಿರ ಶಾರ್ಕ್ ಸುಳಿಯದಂತೆ, ಮನುಷ್ಯರಿಲ್ಲದೆ ತಾವೇ ಓಡಾಡುವ ಡ್ರೋನ್ ದೋಣಿಗಳನ್ನು ಬಿಟ್ಟು ನೋಡುವ ಪ್ರಯತ್ನಗಳ ಬಗ್ಗೆ ಆಕೆ ಓದಿಕೊಂಡಿದ್ದಳು. ನಮಗೆ ಕಡಲೂ ಇಲ್ಲ, ಶಾರ್ಕೂ ಇಲ್ಲ. ಹೊಳೆ ಇದೆ, ಮೊಸಳೆ ಇದೆ. ಅಷ್ಟು ಸಾಕಲ್ಲ ಎಂದು ತನ್ನ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಒಂದು ದೋಣಿ ಮಾಡುತ್ತಿದ್ದಳು. ಹೊಳೆಯ ಆಳ ಅಳೆಯಲು ಉಚ್ಚೆಂಗೆಮ್ಮನ ಹರಿಗೋಲು ಹತ್ತಿದಾಗ ಊರು ಯಾವುದೆಂಬ ಮಾತು ಬಂತು.

“ಕುರುಗೋಡಾ? ನನ್ನ ತವರು ಬಾದನಹಟ್ಟಿ!” ಎಂದು ಉಚ್ಚೆಂಗೆಮ್ಮ ನಡುಹೊಳೆಯಲ್ಲೇ ಹುಟ್ಟು ಬಿಟ್ಟು ಆ ಹುಡುಗಿಯ ಕೈ ಹಿಡಿದುಕೊಂಡಳು. ಹರಿಗೋಲು ಗಿರಗಿರ ತಿರುಗಿತು. ನಾನು ಅದರಲ್ಲೇ ಇದ್ದೆ. ಅವರಿಬ್ಬರಿಗೂ ನನ್ನ ನೆನಪೇ ಇರಲಿಲ್ಲ.

ಅಲ್ಲಿಂದ ಇಬ್ಬರೂ ಸೇರಿ ಅಧಿಕಾರಿಗಳ ಬೆನ್ನು ಬಿದ್ದರು. ಕಡೆಗೆ ಸಂಕ್ರಾಂತಿಯತನಕ ದೋಣಿ ಬಿಟ್ಟು ನೋಡಲು ಅವಕಾಶ ಸಿಕ್ಕಿತು. ಘಟ್ಟದ ಮುಂದೆ ಹಗ್ಗಕ್ಕೆ ಕೆಂಪು ಡಬ್ಬಿಗಳನ್ನು ಕಟ್ಟಿ ಒಂದು ಸಾಲು ತೇಲಿಬಿಡುವುದು. ಸಂಕ್ರಾಂತಿಗೆ ಜನ ಸ್ನಾನಕ್ಕೆ ಸೇರುತ್ತಾರಲ್ಲ, ಅಧಿಕಾರಿಗಳೂ ಅವತ್ತು ಬಂದು ನೋಡುತ್ತಾರೆ. ಅಷ್ಟರೊಳಗೆ ಮೊಸಳೆ ಡಬ್ಬಿ ದಾಟುವುದನ್ನು ಬಿಟ್ಟಿರಬೇಕು. ಇಲ್ಲವಾದರೆ ಮರುದಿನದಿಂದ ಬೇಲಿ.

ದೋಣಿಯ ದೇಖರೇಖಿ ಕಲಿಯಲು ಉಚ್ಚೆಂಗೆಮ್ಮ ಬಳ್ಳಾರಿಗೆ ಹೋಗಿಬಂದಳು. ಅಲ್ಲಿ ಆಕೆಗೆ ಕಡಲತೀರದ ಒಂದು ವಿಡಿಯೋ ತೋರಿಸಿದರಂತೆ. ಮರಳಿನ ಮೇಲೆ ಸಾಲಾಗಿ ಮಲಗಿದ್ದ ಬಿಳಿಯರನ್ನು ನೋಡಿ ಈಕೆ, “ಇವ್ರ್ಯಾಕ ಹಿಂಗ ಬಿದ್ದಾರ? ಆರಾಮಿಲ್ಲೇನು?” ಎಂದು ಕೇಳಿದಳು.

“ಬಿಸಿಲು ಕಾಸಾಕತ್ತಾರ ಯಕ್ಕಾ” ಎಂದಳು ಗಂಗೋತ್ರಿ.

“ಅಯ್ಯ, ಅದಕ್ಕ ಅಷ್ಟು ದೂರ ಯಾಕ? ನಮ್ಮ ಬಳ್ಳಾರಿಗೆ ಬರಾಕ ಹೇಳು, ಬೇಕಾದಷ್ಟು ಐತಿ.”

ವಿದ್ಯಾರ್ಥಿಗಳು ಇನ್ನೂ ಆ ಮಾತು ಹೇಳಿಕೊಂಡು ನಗುತ್ತಾರೆ. ಆದರೆ ಕಲಿಯಬೇಕಾದ್ದನ್ನೆಲ್ಲ ಈಕೆ ಕಲಿತಳು. ದೋಣಿಯ ಕೆಳಗೆ ತಿರುಗುವ ರೆಕ್ಕೆಗೆ ಸಿಕ್ಕ ಪಾಚಿ ಬಿಡಿಸುವುದು, ಬ್ಯಾಟರಿ ನೋಡುವುದು, ಫೋನಿನ ಪರದೆ ಓದುವುದು, ಎಲ್ಲ.

ದಸರಾ ಹೊತ್ತಿಗೆ ದೋಣಿ ನೀರಿಗಿಳಿಯಿತು. ಹಳದಿ ಬಣ್ಣ, ದನಗಳಿಗೆ ನೀರಿಡುವ ಬಾನಿಯಷ್ಟು ಗಾತ್ರ, ಮೇಲೆ ಸಪಾಟಾದ ಸೋಲಾರ್ ಹಲಗೆ. ಬೆಳಕು ಹರಿಯುತ್ತಲೂ ತಾನಾಗಿಯೇ ದಂಡೆ ಬಿಟ್ಟು ಕೆಂಪು ಡಬ್ಬಿಗಳ ಆಚೆ ಗಸ್ತು ತಿರುಗುತ್ತದೆ. ನೀರಿನೊಳಕ್ಕೆ ಸಣ್ಣ ಸದ್ದು ಕಳಿಸಿ, ಅದು ತಿರುಗಿ ಬರುವ ರೀತಿಯಿಂದ ಎದುರಿಗಿರುವುದು ಮೀನೋ ಮರದ ತುಂಡೋ ಮೊಸಳೆಯೋ ಎಂದು ತಿಳಿಯುತ್ತದೆ. ಮೊಸಳೆ ಎಂದು ಗೊತ್ತಾದರೆ ಸೀದಾ ಹೋಗಿ ಅದಕ್ಕೂ ಘಟ್ಟಕ್ಕೂ ನಡುವೆ ನಿಂತು, ಡಬಡಬ ಎಂದು ನೀರು ನಡುಗುವಂಥ ಸದ್ದು ಮಾಡುತ್ತದೆ, ಬೆಳಕು ಮಿಂಚಿಸುತ್ತದೆ. ಅದೇ ಹೊತ್ತಿಗೆ ದಂಡೆಯ ಕಂಬದ ಮೇಲೆ ಸೈರನ್ ಕೂಗುತ್ತದೆ, ನೀರಿನಲ್ಲಿದ್ದವರು ಮೇಲೆ ಬರಲಿ ಎಂದು.

ಮೊದಲ ವಾರದಲ್ಲೇ ಒಂದು ಮೊಸಳೆ ಘಟ್ಟದ ಕಡೆ ಮೂಗು ತಿರುಗಿಸಿತು. ದೋಣಿ ಎದುರು ಹೋಗಿ ನಿಂತು ಡಬಡಬ ಎಂದಿತು. ಮೊಸಳೆ ಮುಳುಗಿದ್ದು ಎದ್ದದ್ದು ನಡುಗಡ್ಡೆಯ ಹತ್ತಿರ. ದಂಡೆಯವರೆಲ್ಲ ಸಿಳ್ಳೆ ಹೊಡೆದರು. “ನಮ್ಮ ತವರಿನ ಹುಡುಗಿ ಮಾಡಿದ್ದು!” ಎಂದು ಉಚ್ಚೆಂಗೆಮ್ಮ ಕೂಗಿದ್ದು ಸಿರುಗುಪ್ಪದ ನನ್ನ ಅಂಗಡಿಗೆ ಕೇಳಿಸಲಿಲ್ಲ ಎಂದರೆ ಅದು ಗಾಳಿಯ ತಪ್ಪು.

ಕಾರ್ತಿಕದಲ್ಲಿ ಎಡವಟ್ಟು ಶುರುವಾಯಿತು. ಮೊಸಳೆ ಮತ್ತೆ ಬರತೊಡಗಿತು. ದೋಣಿ ಸದ್ದು ಮಾಡಿದರೆ ಓಡುವ ಬದಲು ಹತ್ತಿರ ಬರುತ್ತಿತ್ತು. ಒಂದು ದಿನ ಡಬ್ಬಿಯ ಸಾಲಿಗೆ ಬಂದು ಮೂತಿ ತಾಗಿಸಿತು. ಇನ್ನೊಂದು ದಿನ ಎರಡು ಬಂದವು. ಸೈರನ್ ಕೂಗಿದ್ದೇ ಕೂಗಿದ್ದು, ಜನ ಮೆಟ್ಟಿಲು ಹತ್ತಿದ್ದೇ ಹತ್ತಿದ್ದು. ನನ್ನ ಗೆಳೆಯ ಕಾಡಸಿದ್ದಪ್ಪ ಮೈಗೆ ಸಾಬೂನು ಹಚ್ಚಿಕೊಂಡೇ ಅರ್ಧ ತಾಸು ಗಡಗಡ ನಡುಗುತ್ತ ನಿಂತಿದ್ದ. ಸಂಕ್ರಾಂತಿ ಹತ್ತಿರ ಬರುತ್ತಿತ್ತು, ಬೇಲಿಯ ಕಬ್ಬಿಣದ ಕಂಬಗಳು ಆಗಲೇ ದಂಡೆಗೆ ಬಂದು ಬಿದ್ದಿದ್ದವು.

ಗಂಗೋತ್ರಿ ಬಂದು ಬಂದು ದೋಣಿ ಬಿಚ್ಚಿ ನೋಡಿದಳು. ಕಾಲೇಜಿನ ಕೆಲಸ ಮುಗಿಸಿ ಬಳ್ಳಾರಿಯಿಂದ ಬರುವಷ್ಟರಲ್ಲಿ ಮಧ್ಯಾಹ್ನ ಆಗಿರುತ್ತಿತ್ತು. ಒಂದು ದಿನ ಮೆಟ್ಟಿಲ ಮೇಲೆ ಇಬ್ಬರೂ ಬುತ್ತಿ ಬಿಚ್ಚಿಕೊಂಡು ಕೂತಿದ್ದರು. ನಾನು ಹರಿಗೋಲಿಗೆ ಕಾಯುತ್ತ ಪಕ್ಕದಲ್ಲೇ ಇದ್ದೆ.

“ಯಂತ್ರ ಎಲ್ಲ ಸರಿ ಐತಿ ಯಕ್ಕಾ. ಒಂದ ಗೊತ್ತಾಗವಲ್ದು” ಎಂದಳು ಗಂಗೋತ್ರಿ. “ದೋಣಿ ಕೆಳಗ ಯಾವಾಗಲೂ ಮೀನಿನ ಹಿಂಡು ಕಾಣ್ತೈತಿ. ಬೆಳಕಿಗೆ ಬರ್ತಾವೇನೋ ಅಂತ ಬೆಳಕು ಆರಿಸಿ ನೋಡಿದೆ, ಹೋಗ್ಲಿಲ್ಲ. ಮೊಸಳಿ ಬರೋದು ನಮ್ಮ ಸಲುವಾಗಿ ಅಲ್ಲ, ಆ ಮೀನಿನ ಸಲುವಾಗಿ. ಆದ್ರ ಮೀನ್ಯಾಕ ಬರ್ತಾವ?”

ರೊಟ್ಟಿ ಹಿಡಿದ ಉಚ್ಚೆಂಗೆಮ್ಮನ ಕೈ ಬಾಯಿಯ ಹತ್ತಿರವೇ ನಿಂತಿತು. “ನೀ ಎಂದಾರ ಮುಂಜಾನಿ ಬಂದೀ ಏನವ್ವಾ?”

“ಇಲ್ಲ ಯಕ್ಕಾ.”

“ಹಂಗಾರ ಇವತ್ತು ನಮ್ಮ ಮನ್ಯಾಗ ಉಳಕೋ. ನಾಳಿ ಮುಂಜಾನಿ ನೋಡುವಂತಿ.”

ಮರುದಿನ ಬೆಳಿಗ್ಗೆ ನೋಡಿದ್ದನ್ನು ಆ ಹುಡುಗಿ ಸಾಯುವತನಕ ಮರೆಯಲಿಕ್ಕಿಲ್ಲ. ದಂಡೆಯಲ್ಲಿ ನಿಂತಿದ್ದ ದೋಣಿಯ ಸಪಾಟು ಹಲಗೆಯ ತುಂಬ ಎಡೆ! ಕಡುಬು, ಹೋಳಿಗೆ, ಬೆಲ್ಲದನ್ನ, ಮಂಡಾಳು, ಬಾಳೆಹಣ್ಣು, ಒಡೆದ ಕಾಯಿ. ಗಂಗಮ್ಮನಿಗೆ ಎಡೆ ಹಾಕುವುದು ನಮ್ಮಲ್ಲಿ ಮೊದಲಿನಿಂದ ನಡೆದದ್ದೇ. ಮೊದಲೆಲ್ಲ ಮೆಟ್ಟಿಲಿನಿಂದ ಎಸೆಯುತ್ತಿದ್ದರು, ಅದು ಅಲ್ಲೇ ಬಿದ್ದು ನಾಯಿ ಕಾಗೆಗಳ ಪಾಲಾಗುತ್ತಿತ್ತು. ಈಗ ದೋಣಿಯೊಂದು ತಾನಾಗಿ ನಡುಹೊಳೆಗೆ ಹೋಗುತ್ತದೆ. ಜನಕ್ಕೆ ಇನ್ನೇನು ಬೇಕು? ನಮ್ಮ ಮನೆಯಾಕೆ ಸರೋಜಾ ಸಹ ಕಡುಬು ಕೊಟ್ಟು ಕಳಿಸುತ್ತಿದ್ದಳು. ಹೊತ್ತಾಯಿತು, ದೋಣಿ ದಂಡೆ ಬಿಟ್ಟಿತು. ಅದು ತಿರುಗಿದಾಗಲೆಲ್ಲ ಒಂದಿಷ್ಟು ಎಡೆ ನೀರಿಗೆ ಜಾರಿತು. ಜಾರಿದಲ್ಲಿ ಮೀನು ಕುದಿಯುವ ಅನ್ನದಂತೆ ಎದ್ದವು. ಸ್ವಲ್ಪ ಹೊತ್ತಿಗೆ ಅವುಗಳ ಹಿಂದೆ ಎರಡು ಕಣ್ಣು, ಒಂದು ಮೂಗು.

ಗಂಗೋತ್ರಿ ತಲೆಯ ಮೇಲೆ ಕೈ ಹೊತ್ತುಕೊಂಡಳು. “ಯಕ್ಕಾ, ಈ ಸದ್ದು ಬಂತು ಅಂದ್ರ ಊಟ ಬಂತು ಅಂತ ಅದಕ್ಕ ಗೊತ್ತಾಗೈತಿ. ನಾ ಮಾಡಿದ್ದು ಓಡಿಸೋ ದೋಣಿ, ನೀವು ಮಾಡಿದ್ದು ಊಟಕ್ಕ ಕರಿಯೋ ಗಂಟಿ!” ಬೈಯುತ್ತಾಳೆ ಎಂದುಕೊಂಡೆ. ನಗತೊಡಗಿದಳು. ಉಚ್ಚೆಂಗೆಮ್ಮನೂ ನಕ್ಕಳು. ಇಬ್ಬರೂ ಮೆಟ್ಟಿಲ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಹಾಳಾದದ್ದು ಎಲ್ಲಿ ಎಂದು ಗೊತ್ತಾಯಿತಲ್ಲ, ಸರಿಮಾಡಿಕೊಂಡರಾಯಿತು ಎನ್ನುವ ಧೈರ್ಯದ ನಗು ಅದು.

ಗಂಗೋತ್ರಿ ತನ್ನ ಪಾಲಿನದನ್ನು ಮಾಡಿದಳು. ಹಳೆಯ ಸದ್ದು ತೆಗೆದು, ಮೊಸಳೆ ಹಿಂದೆಂದೂ ಕೇಳದ ಬೇರೆ ಸದ್ದು ಹಾಕಿದಳು. ಎಡೆ ನಿಲ್ಲಿಸುವುದು ಉಚ್ಚೆಂಗೆಮ್ಮನ ಪಾಲಿಗೆ ಬಂತು. ಆಕೆ ಮೆಟ್ಟಿಲ ಮೇಲೆ ನಿಂತು ಗಂಟಲು ತೆರೆದಳು.

“ಇವತ್ತಿನಿಂದ ದೋಣಿ ಮ್ಯಾಲ, ನೀರಾಗ, ಒಂದು ಅಗಳೂ ಬೀಳಬಾರದು! ಗಂಗಮ್ಮಗ ತೋರಸ್ರಿ, ಕೈ ಮುಗೀರಿ, ದಂಡಿ ಮ್ಯಾಲ ಕುಂತು ನೀವ ತಿನ್ರಿ. ಮೊಸಳಿಗೆ ಹಬ್ಬ ಮಾಡಬ್ಯಾಡ್ರಿ!”

ಜನ ಗೊಣಗಿದರು. ಆದರೆ ಬೇಲಿಯ ಕಂಬಗಳು ಕಣ್ಣೆದುರಿಗೇ ಬಿದ್ದಿದ್ದವಲ್ಲ, ಒಪ್ಪಿದರು. ಆಗ ನಮ್ಮ ಸರೋಜಾ, ಅವಳಿಗೂ ನಾಲಿಗೆ ಸ್ವಲ್ಪ ಉದ್ದವೇ, ಕೇಳಿಬಿಟ್ಟಳು. “ನಮ್ಮ ಕಡುಬು ಬ್ಯಾಡ, ಸರಿ. ನಿಮ್ಮ ಅತ್ತಿ ರೊಟ್ಟಿ?”

ಉಚ್ಚೆಂಗೆಮ್ಮ ಮೆಟ್ಟಿಲಿಳಿದು ಹರಿಗೋಲಿನ ಹಗ್ಗ ಬಿಚ್ಚತೊಡಗಿದಳು.

ಆಕೆಯ ಅತ್ತೆ ಅಂಬಮ್ಮ. ಅಂಬಮ್ಮನಿಗೆ ಇಬ್ಬರು ಗಂಡುಮಕ್ಕಳು. ದೊಡ್ಡವನು ಕೆಂಚಣ್ಣ. ಚಿಕ್ಕವನು ಜಂಬುನಾಥ, ಆಗಷ್ಟೇ ಶಾಲೆಗೆ ಹಾಕಿದ್ದ ಕೂಸು. ಹೊಳೆ ತುಂಬಿ ಬಂದಿದ್ದ ಒಂದು ಶ್ರಾವಣದಲ್ಲಿ ಇದೇ ಮೆಟ್ಟಿಲಿನಿಂದ ಕಾಲು ಜಾರಿ ಹೋದ. ದೇಹವೂ ಸಿಗಲಿಲ್ಲ. ಅಂದಿನಿಂದ ಅಂಬಮ್ಮ ಬೆಳಗಿನ ರೊಟ್ಟಿಯ ಮೊದಲ ತುತ್ತನ್ನು ಹೊಳೆಗೆ ಹಾಕದೆ ತಾನು ಉಂಡವಳಲ್ಲ. ಜ್ವರ ಬಂದಾಗಲೂ ಬಂದು ಹಾಕಿಹೋಗಿದ್ದಾಳೆ. ವಯಸ್ಸಾಗಿ ಕೈ ಸೋತ ಮೇಲೆ ತುತ್ತು ಮೆಟ್ಟಿಲ ಮೇಲೇ ಬೀಳುತ್ತಿತ್ತು, ನಾಯಿ ಬಂದು ತಿನ್ನುತ್ತಿತ್ತು. ಅವಳು ಅದನ್ನು ನೋಡುತ್ತ ನಿಲ್ಲುತ್ತಿದ್ದಳು.

ಹಳದಿ ದೋಣಿಯ ಮೇಲೆ ಮೊದಲ ತುತ್ತು ಇಟ್ಟವಳು ಅವಳೇ. ಅವತ್ತು ದೋಣಿ ಅದನ್ನು ಹೊತ್ತುಕೊಂಡು ಹೋದದ್ದನ್ನು ನೋಡಿ, ನನ್ನ ತೋಳು ಹಿಡಿದು “ನೋಡಪ್ಪ ಮರಿಬಸಪ್ಪ, ನನ್ನ ಕೈ ಮುಟ್ಟಲಾರದ ಕಡಿಗೆ ಅದು ಒಯ್ತೈತಿ” ಎಂದಿದ್ದಳು. ಅವಳ ಮುಖ ಹಾಗೆ ಅರಳಿದ್ದನ್ನು ನಾನು ನೋಡಿರಲಿಲ್ಲ. ಸೊಸೆಯೂ ಅದನ್ನು ಕಂಡು ಸಂತೋಷಪಟ್ಟಿದ್ದಳು. ಮುದುಕಿ ಇಟ್ಟಳು ಎಂದು ಪಕ್ಕದವಳು ಇಟ್ಟಳು, ಪಕ್ಕದವಳನ್ನು ನೋಡಿ ಊರು ಇಟ್ಟಿತು.

“ಒಂದು ತುಣುಕು ರೊಟ್ಟಿಗೆ ಏನಾಗ್ತೈತಿ, ಬಿಡು” ಎಂದೆ ನಾನು ಅವತ್ತು ಹೊಳೆ ದಾಟುವಾಗ.

“ಅಣ್ಣಾರ, ನಮ್ಮ ಅತ್ತಿದು ಬಿಟ್ರ ನಾಳಿ ಎರ್ರಮ್ಮನದೂ ಬಿಡಬೇಕು, ನಾಡದು ನಿಮ್ಮ ಮನಿಯಾಕಿದೂ ಬಿಡಬೇಕು. ಊರಿಗೆಲ್ಲ ಹೇಳಿ ನನ್ನ ಮನಿಗೆ ಹೇಳದಿದ್ರ ನಾ ಎಂಥ ಹೆಂಗಸು?” ಎಂದಳು. ಹುಟ್ಟು ಹಾಕುತ್ತಲೇ ಇದ್ದಳು. “ಆದ್ರ ಹೆಂಗ ಹೇಳ್ಲಿ? ನಿನ್ನ ಕೂಸಿಗೆ ಉಣಿಸಬ್ಯಾಡ ಅಂತ ಯಾವ ತಾಯಿಗೆ ಹೇಳ್ಲಿ?”

ಮರುದಿನ ಹೇಳಿದಳು. ಅಂಬಮ್ಮ ಸೆರಗಿನ ಮರೆಯಲ್ಲಿ ರೊಟ್ಟಿ ಹಿಡಿದು ಮೆಟ್ಟಿಲಿಳಿದು ಬಂದಾಗ ಉಚ್ಚೆಂಗೆಮ್ಮ ಎದುರು ನಿಂತಳು.

“ಅತ್ತೀ, ದೋಣಿ ಮ್ಯಾಲ ಇಡಬ್ಯಾಡ.”

“ಆತು, ನೀರಿಗೆ ಹಾಕ್ತೀನಿ.”

“ನೀರಿಗೂ ಬ್ಯಾಡ.”

ಮುದುಕಿ ಸೊಸೆಯ ಮುಖವನ್ನೇ ನೋಡಿದಳು. “ಮತ್ತ ನನ್ನ ಕೂಸು ಏನು ತಿನ್ಬೇಕ?”

ದಂಡೆಯಲ್ಲಿದ್ದ ನಮಗೆಲ್ಲ ನೆಲ ನೋಡುವಂತಾಯಿತು. ಉಚ್ಚೆಂಗೆಮ್ಮ ಮಾತ್ರ ಅತ್ತೆಯ ಕೈ ಹಿಡಿದುಕೊಂಡು, ಎಂದೂ ಇಲ್ಲದಷ್ಟು ಮೆಲ್ಲಗೆ ಹೇಳಿದಳು. “ಆ ರೊಟ್ಟಿ ಮೀನು ತಿಂತಾವ ಅತ್ತಿ. ಮೀನಿನ ಹಿಂದ ಮೊಸಳಿ ಬರ್ತೈತಿ. ಇಲ್ಲಿ ನೀರಾಗ ಇಳಿಯೋವೂ ಯಾರೋ ಹಡದ ಕೂಸುನ ಅದಾವ. ನಿನಗ ಆಗಿದ್ದು ಮತ್ತೊಬ್ಬಾಕಿಗೆ ಆಗಬಾರ್ದು.”

ಅಂಬಮ್ಮ ಕೈ ಬಿಡಿಸಿಕೊಂಡಳು. ರೊಟ್ಟಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ತಿರುಗಿ ಮೆಟ್ಟಿಲು ಹತ್ತಿದಳು. ಹತ್ತುವಾಗ ಅವಳಿಗೆ ಕೈ ಕೊಡಲು ಹೋದ ಕಾಡಸಿದ್ದಪ್ಪನನ್ನು ದೂಡಿದಳು.

ಆಮೇಲೆ ಅವಳು ರೊಟ್ಟಿ ಮುಟ್ಟಲಿಲ್ಲ. ಮೊದಲ ತುತ್ತು ಕೊಡದೆ ಉಣ್ಣುವುದು ಅವಳಿಗೆ ತಿಳಿಯದ ವಿದ್ಯೆ. ಹಟಕ್ಕಲ್ಲ, ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಗಂಜಿ, ಚಹಾ, ಅಷ್ಟೇ. ಸೊಸೆಯ ಜೊತೆ ಮಾತು ಬಿಟ್ಟಳು. ಕೆಂಚಣ್ಣ ಗಿರಣಿಯಿಂದ ಬಂದು, “ನಮ್ಮವ್ವ ಸತ್ತುಹೋಗ್ತಾಳ. ಯಾರೂ ಕಾಣದಂಗ ಒಂದು ತುಣುಕು ಹಾಕ್ಲಿ ಬಿಡು” ಎಂದು ಬೇಡಿಕೊಂಡ. ಉಚ್ಚೆಂಗೆಮ್ಮ ಒಪ್ಪಲಿಲ್ಲ. ಹುಟ್ಟು ಹಾಕುತ್ತ ಅಳುವಳು, ಮೂಗು ಒರೆಸಿಕೊಂಡು “ನಡುವ ಕುಂದರ್ರಿ ಅಣ್ಣಾರ” ಎನ್ನುವಳು. ನಾನು ನಡುವೆ ಸರಿದು ಕೂರುತ್ತಿದ್ದೆ.

ಹೊಳೆ ಮಾತ್ರ ದಿನದಿನಕ್ಕೆ ತಿಳಿಯಾಯಿತು. ದೋಣಿಯ ಕೆಳಗಿನ ಮೀನು ಚದುರಿದವು. ಮೊಸಳೆ ಮೊದಮೊದಲು ಬಂದು ಕಾದು ನೋಡಿತು. ಏನೂ ಬೀಳಲಿಲ್ಲ, ಮೇಲಾಗಿ ಗುರುತಿಲ್ಲದ ಸದ್ದು. ಬೇಸತ್ತು ಬಂಡೆಗೆ ವಾಪಸಾಯಿತು.

ಸಂಕ್ರಾಂತಿಯ ಬೆಳಿಗ್ಗೆ ದಂಡೆಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಮೈಗೆ ಎಳ್ಳು ಹಚ್ಚಿಕೊಂಡು ನೀರಿಗಿಳಿದವರು ಒಂದು ಕಡೆ, ಸಜ್ಜೆ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹೋಳಿಗೆಯ ಬುತ್ತಿ ಬಿಚ್ಚಿದವರು ಇನ್ನೊಂದು ಕಡೆ. ಅಧಿಕಾರಿಗಳು ಕುರ್ಚಿ ಹಾಕಿಕೊಂಡು ಕೂತು ನೋಡಿದರು. ಹಳದಿ ದೋಣಿ ಬರಿಮೈಯಲ್ಲಿ ಡಬ್ಬಿಯ ಸಾಲಿನಾಚೆ ಹೋಗಿಬಂದು ಮಾಡಿತು. ಒಂದೇ ಒಂದು ಸಲ ದೂರದಲ್ಲಿ ಮೊಸಳೆಯ ತಲೆ ಕಂಡಿತು. ದೋಣಿ ಆ ಕಡೆ ತಿರುಗಿದ್ದೇ ತಡ, ಅದೂ ತಿರುಗಿಕೊಂಡಿತು. ಮಧ್ಯಾಹ್ನಕ್ಕೆ ದೊಡ್ಡ ಅಧಿಕಾರಿ ಎದ್ದು ಗಂಗೋತ್ರಿಗೂ ಉಚ್ಚೆಂಗೆಮ್ಮನಿಗೂ ಕೈಮುಗಿದು, ಬೇಲಿ ಬೇಡ, ಘಟ್ಟ ತೆರೆದಿರಲಿ ಎಂದರು. ಗಂಗೋತ್ರಿ ಎಲ್ಲರೆದುರು ಉಚ್ಚೆಂಗೆಮ್ಮನನ್ನು ಅಪ್ಪಿಕೊಂಡಳು. ಸಿಳ್ಳೆ, ಚಪ್ಪಾಳೆ ಎಲ್ಲ ಆಯಿತು. ಪತ್ರಿಕೆಯ ಹುಡುಗ ಫೋಟೋ ತೆಗೆದ, ಚಹಾ ಕುಡಿದ, ಹೋದ. ಅವನು ಇನ್ನು ಸ್ವಲ್ಪ ಹೊತ್ತು ನಿಂತಿದ್ದರೆ ಬರೆಯುವುದಕ್ಕೆ ಏನಾದರೂ ಸಿಗುತ್ತಿತ್ತು.

ಜನರನ್ನು ಸರಿಸಿಕೊಂಡು ಅಂಬಮ್ಮ ಬರುತ್ತಿದ್ದಳು. ಕೈಯಲ್ಲಿ ಸಜ್ಜೆ ರೊಟ್ಟಿಯ ತುಂಡು, ಅದರ ಮೇಲೆ ಪಲ್ಯ. ಸೀದಾ ಮೆಟ್ಟಿಲಿಳಿದು, ದಂಡೆಗೆ ಬಂದು ನಿಂತಿದ್ದ ದೋಣಿಯ ಕಡೆ ನಡೆದಳು. ಅಧಿಕಾರಿಗಳು ಇನ್ನೂ ಅಲ್ಲೇ ಇದ್ದರು. ಕೆಂಚಣ್ಣ “ಯವ್ವಾ” ಎಂದು ಮುಂದೆ ಬಂದ. ಉಚ್ಚೆಂಗೆಮ್ಮ ಕೈ ಅಡ್ಡ ಮಾಡಿ ಗಂಡನನ್ನು ತಡೆದಳು. ತಾನು ಹೇಳುವುದನ್ನು ಹೇಳಿಯಾಗಿತ್ತು, ಇನ್ನು ಅತ್ತೆಯದೇ ಮಾತು.

ಅಂಬಮ್ಮ ದೋಣಿಯ ಪಕ್ಕ ನಿಂತು ಬಹಳ ಹೊತ್ತು ನೀರು ನೋಡಿದಳು. ತುಟಿ ಅಲುಗುತ್ತಿದ್ದವು. ಕೂಸಿಗೆ ಏನು ಹೇಳಿದಳೋ, ನಮಗೆ ಕೇಳಿಸಲಿಲ್ಲ. ಆಮೇಲೆ ತಿರುಗಿ, ಒದ್ದೆ ಮೆಟ್ಟಿಲ ಮೇಲೆ ಹುಷಾರಾಗಿ ಕಾಲಿಡುತ್ತ ಸೊಸೆಯ ಹತ್ತಿರ ಬಂದಳು.

“ಉಚ್ಚೆಂಗೀ, ಬಾಯಿ ತಗಿ.”

ಉಚ್ಚೆಂಗೆಮ್ಮನಿಗೆ ಅರ್ಥವಾಗಲಿಲ್ಲ.

“ಹೊಳಿಯಾಗಿರೋ ನನ್ನ ಕೂಸಿಗೆ ಅಂತ ಇಷ್ಟು ವರ್ಷ ಮದ್ಲ ತುತ್ತು ಹಾಕಿದೆ. ದಿನಾ ಹೊಳಿಯಾಗ ಇರಾಕಿ ನೀನ ಅದಿ. ನಿನಗ ಒಂದು ದಿನಾನೂ ಹಾಕ್ಲಿಲ್ಲ ನೋಡು ನಾನು. ತಗಿ ಬಾಯಿ.”

ಆಚೆ ದಂಡೆಗೆ ಕೇಳುವಂಥ ಗಂಟಲಿನ ಹೆಂಗಸು ಚಿಕ್ಕ ಹುಡುಗಿಯ ಹಾಗೆ ಬಾಯಿ ತೆರೆದಳು. ಮುದುಕಿ ತುತ್ತಿಟ್ಟಳು. ಉಚ್ಚೆಂಗೆಮ್ಮ ಅಳುತ್ತಲೇ ಅಗಿದಳು, ಅತ್ತೆಯ ಕೈಯಲ್ಲಿ ಉಳಿದದ್ದನ್ನು ಮುರಿದು ಅತ್ತೆಯ ಬಾಯಿಗೆ ಹಿಡಿದಳು. ಅಂಬಮ್ಮ ಉಂಡಳು. ಸರೋಜಾ ಪಕ್ಕದಲ್ಲಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ನಾನೂ ಅತ್ತುಬಿಟ್ಟೆ, ಅದರಲ್ಲಿ ನಾಚಿಕೆ ಏನಿದೆ?

ಈಗ ಆ ಮನೆಯಲ್ಲಿ ಮೊದಲ ತುತ್ತು ಸೊಸೆಯದು. ಬೆಳಗಿನ ಗಿರಾಕಿಗಳನ್ನು ದಾಟಿಸಿ ಆಕೆ ಮನೆಗೆ ಬರುವತನಕ ಮುದುಕಿ ರೊಟ್ಟಿ ಮುಟ್ಟುವುದಿಲ್ಲ. ಸ್ವಲ್ಪ ತಡವಾದರೂ ದಂಡೆಗೆ ಬಂದು, ಕಣ್ಣಿಗೆ ಕೈ ಅಡ್ಡ ಹಿಡಿದು ಹೊಳೆ ನೋಡುತ್ತ ನಿಲ್ಲುತ್ತಾಳೆ. ಉಚ್ಚೆಂಗೆಮ್ಮ ದಿನಾ ವಾಪಸು ಬರುತ್ತಾಳೆ.